ಗಣಿತದ ಮೇಷ್ಟ್ರು ಕೇಳಿದ ಎರಡು ಪ್ರಶ್ನೆಗಳು

ನಿನ್ನೆ ಆಡಿದ ಆಟಕ್ಕೆ ಇಂದು ಹೊಸ ನಿಯಮ ಮಾಡಿ, 'ನೀನು ನಿನ್ನೆಯೇ ಔಟ್' ಎಂದರೆ ಯಾವ ಹುಡುಗನೂ ಒಪ್ಪುವುದಿಲ್ಲ. ನಿಯಮ ಮಾಡಿದವನು ಗೆದ್ದ ತಂಡದ ನಾಯಕನೇ ಆಗಿದ್ದರಂತೂ ಜಗಳ ಖಂಡಿತ. ಇಂಥದೇ ಆಕ್ಷೇಪವನ್ನು ಒಬ್ಬ ಭಾರತೀಯ ನ್ಯಾಯಾಧೀಶರು ಇಡೀ ಜಗತ್ತಿನ ಮುಂದಿಟ್ಟರು. ಅವರೇ ರಾಧಾಬಿನೋದ್ ಪಾಲ್.

1886ರಲ್ಲಿ ಬಂಗಾಳದ ನದಿಯಾ ಜಿಲ್ಲೆಯಲ್ಲಿ ಜನಿಸಿದ ಪಾಲ್ ಮೊದಲು ಮೈಮನ್‌ಸಿಂಗ್‌ನ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದರು. ಅನಂತರ ಕಾನೂನಿನತ್ತ ಹೊರಳಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. ಗೆದ್ದ ರಾಷ್ಟ್ರಗಳು ಸೋತ ದೇಶಗಳ ನಾಯಕರನ್ನು ಕಟಕಟೆಗೆ ತಂದವು. ಜರ್ಮನಿಯವರಿಗೆ ನ್ಯೂರೆಂಬರ್ಗ್‌ನಲ್ಲಿ, ಜಪಾನಿನವರಿಗೆ ಟೋಕಿಯೋದಲ್ಲಿ ವಿಚಾರಣೆ. ಟೋಕಿಯೋದಲ್ಲಿ 11 ದೇಶಗಳ 11 ನ್ಯಾಯಾಧೀಶರಿದ್ದರು. ಭಾರತದಿಂದ ಹೋದವರು ಪಾಲ್. 1948ರ ನವೆಂಬರ್‌ನಲ್ಲಿ ಬಹುಮತದ ತೀರ್ಪು ಬಂತು. ಕಟಕಟೆಯಲ್ಲಿ ಉಳಿದಿದ್ದ 25 ಮಂದಿಯೂ ತಪ್ಪಿತಸ್ಥರು. 7 ಮಂದಿಗೆ ಗಲ್ಲು.

ಎಲ್ಲರನ್ನೂ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಬೇಕೆಂದು ಬರೆದವರು ಪಾಲ್ ಒಬ್ಬರೇ. ಸಾವಿರ ಪುಟ ಮೀರಿದ ಆ ಭಿನ್ನ ತೀರ್ಪಿನ ತಿರುಳು ಎರಡು ಪ್ರಶ್ನೆಗಳು. ಯುದ್ಧ ಹೂಡುವುದು ವ್ಯಕ್ತಿಯ ಅಪರಾಧವೆಂದು ಆ ಯುದ್ಧ ಆರಂಭವಾದಾಗ ಯಾವ ಕಾನೂನು ಹೇಳಿತ್ತು? ಅಣುಬಾಂಬ್ ಹಾಕಿದವರನ್ನು ಬಿಟ್ಟು ಸೋತವರನ್ನಷ್ಟೇ ವಿಚಾರಿಸಿದರೆ ಅದು ನ್ಯಾಯವೇ?

ಹಾಗಾದರೆ ಜಪಾನಿ ಸೇನೆ ತಪ್ಪೇ ಮಾಡಲಿಲ್ಲವೆ? ಪಾಲ್ ಹಾಗೆ ಹೇಳಲಿಲ್ಲ. ಚೀನಾದ ನಾನ್‌ಕಿಂಗ್‌ನಲ್ಲಿ ನಡೆದ ಕ್ರೌರ್ಯಕ್ಕೆ ಸಾಕ್ಷ್ಯ ಹೇರಳವಾಗಿದೆ ಎಂದು ಒಪ್ಪಿದರು. ಆದರೆ ಅದಕ್ಕೆ ಈ ಆರೋಪಿಗಳೇ ಹೊಣೆ ಎಂಬುದು ಸಾಬೀತಾಗಿಲ್ಲ ಎಂದರು. ಈ ನಿಲುವನ್ನು ಒಪ್ಪದವರು ಇಂದಿಗೂ ಬಹಳ. ಕಾನೂನು ಬರೆದಿರಲಿಲ್ಲವೆಂದು ಬಿಟ್ಟುಬಿಟ್ಟರೆ ಸತ್ತ ಅಮಾಯಕರಿಗೆ ನ್ಯಾಯ ಎಲ್ಲಿ ಎಂಬ ಅವರ ಮಾತೂ ತೂಕದ್ದೇ.

ಪಾಲ್ 1967ರಲ್ಲಿ ತೀರಿಕೊಂಡರು. 1998ರಲ್ಲಿ ರೋಮ್ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಬಂದವು. ಅದರಂತೆ ಹೇಗ್ ನಗರದಲ್ಲಿ ಕಾಯಂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಸ್ಥಾಪನೆಯಾಯಿತು. ಒಪ್ಪಂದ ಜಾರಿಗೆ ಬಂದ 2002ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಗಳನ್ನು ಅದು ವಿಚಾರಿಸುವಂತಿಲ್ಲ. ಅಕ್ರಮ ಯುದ್ಧ ಹೂಡುವ ಅಪರಾಧದ ವಿಚಾರಣೆಯ ಅಧಿಕಾರ ಅದಕ್ಕೆ ದೊರೆತದ್ದು 2018ರಲ್ಲಿ. ಕಾನೂನು ಮೊದಲು, ವಿಚಾರಣೆ ಆಮೇಲೆ. ಮೊದಲ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಎರಡನೆಯದಕ್ಕೆ ಇನ್ನೂ ಇಲ್ಲ. ಅಮೆರಿಕ, ರಷ್ಯಾ, ಚೀನಾ ಈ ನ್ಯಾಯಾಲಯದ ಸದಸ್ಯರಲ್ಲ. ಪಾಲ್ ಅವರ ಭಾರತವೂ ಅಲ್ಲ.

ಉತ್ತರ ಸರಿಯಿದ್ದರೂ ಲೆಕ್ಕದ ಹಂತಗಳು ತಪ್ಪಿದ್ದರೆ ಗಣಿತದ ಮೇಷ್ಟ್ರು ಪೂರ್ತಿ ಅಂಕ ಕೊಡುವುದಿಲ್ಲ. ಟೋಕಿಯೋದಲ್ಲಿ ಪಾಲ್ ಕೇಳಿದ್ದೂ ಹಂತಗಳನ್ನೇ. ಬಹುಮತ ಒಂದೆಡೆ ಇರುವಾಗ ಎದ್ದು ಕೇಳುವುದಕ್ಕೆ ಧೈರ್ಯ ಬೇಕು. ಕೇಳಿದ್ದು ಸರಿಯೇ ಎಂಬುದನ್ನು ಮನೆಯಲ್ಲಿ ಮಕ್ಕಳೂ ಹಿರಿಯರೂ ಕೂಡಿ ಚರ್ಚಿಸಬಹುದು.