ಬೋರ್ ಹಿಗ್ಗಿದರೆ ಲೆಕ್ಕವೂ ಹಿಗ್ಗಬೇಕು

ಯಮಹಾ ಆರ್‌ಎಕ್ಸ್ 100 ರಸ್ತೆಗಿಳಿದದ್ದು 1985ರಲ್ಲಿ, ಅದರ ತಯಾರಿಕೆ ನಿಂತದ್ದು 1996ರಲ್ಲಿ. ಆದರೂ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಈ ಬೈಕಿನ ನಂಟು ಬಿಟ್ಟಿಲ್ಲ. ಮಡ್‌ಗಾರ್ಡ್ ಕಳಚಿ, ಬಟನ್ ಟಯರ್ ಹಾಕಿಸಿ ಅದನ್ನು ಮಣ್ಣಿಗಿಳಿಸುವ ಹುಡುಗರ ಮುಂದಿನ ಆಸೆ ಒಂದೇ: ದೊಡ್ಡ ಬೋರ್ (ಸಿಲಿಂಡರಿನ ಒಳವ್ಯಾಸ). ಅಂದರೆ ಹಳೆಯ ಬ್ಲಾಕನ್ನು ಲೇತಿಗೆ ಕೊಟ್ಟು ಹಿಗ್ಗಿಸುವುದು, ಇಲ್ಲವೇ ದೊಡ್ಡ ಪಿಸ್ಟನ್ನಿನ ಕಿಟ್ ತರಿಸಿ ಕೂರಿಸುವುದು. ಹೀಗೆ ಮಾಡಿದ ಎಂಜಿನ್ ಬಾಳಿಕೆ ಬರುವುದಿಲ್ಲ ಎಂದು ಒಂದು ಗುಂಪು, ಏನೂ ಆಗುವುದಿಲ್ಲ ಎಂದು ಇನ್ನೊಂದು ಗುಂಪು ವಾದಿಸುತ್ತಲೇ ಇರುತ್ತವೆ. ಎರಡೂ ಗುಂಪು ಮರೆತಿರುವ ಮಾತೊಂದಿದೆ. ಕಿಟ್ಟಿನ ಬಾಳಿಕೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಸುತ್ತಲಿನ ಭಾಗಗಳನ್ನೂ ಅದಕ್ಕೆ ಹೊಂದಿಸಿ, ಓಡಿದ ಗಂಟೆಗಳ ಲೆಕ್ಕ ಇಡುವವನಿಗೆ ಅದು ನಂಬಿಕಸ್ಥ. ಉಳಿದವರಿಗೆ ಬರೀ ಖರ್ಚಿನ ಬಾಬ್ತು.

ಬೋರ್ ಹಿಗ್ಗಿಸುವುದೇ ತಪ್ಪೆನ್ನುವವರಿಗೆ ಯಮಹಾವೇ ಉತ್ತರ ಕೊಟ್ಟಿದೆ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 50. ಆಮೇಲೆ ಬಂದ ಆರ್‌ಎಕ್ಸ್ 135ರಲ್ಲಿ ಸ್ಟ್ರೋಕ್ ಅಷ್ಟೇ ಉಳಿಯಿತು, ಬೋರ್ 58ಕ್ಕೆ ಏರಿತು, ಗಾತ್ರ 132 ಸಿಸಿ ಆಯಿತು. ಕಂಪನಿಯೇ ಮಾಡಿದ ದೊಡ್ಡ ಬೋರ್ ಅಂದರೆ ಇದೇ. ಆದರೆ ಗಾತ್ರ ಶೇ 34ರಷ್ಟು ಹೆಚ್ಚಿದರೂ ನಾಲ್ಕು ಗೇರಿನ ಮಾದರಿಯ ಶಕ್ತಿ 11ರಿಂದ ಸುಮಾರು 12 ಅಶ್ವಶಕ್ತಿಗೆ ಮಾತ್ರ ಏರಿತು. ಸಿಕ್ಕ ಗಾತ್ರವನ್ನೆಲ್ಲ ಕಂಪನಿ ಶಕ್ತಿಯಾಗಿ ಹಿಂಡಲಿಲ್ಲ. ಮಕ್ಕಳ ಮೋಟೋಕ್ರಾಸ್ ಬೈಕುಗಳಲ್ಲಿ ಕವಾಸಾಕಿಯೂ ಇದೇ ದಾರಿ ಹಿಡಿದಿತ್ತು. ಕೆಎಕ್ಸ್ 85ರ ಬೋರ್ 48.5 ಮಿ.ಮೀ., ಅದೇ ಸ್ಟ್ರೋಕಿನ ಕೆಎಕ್ಸ್ 100ರದ್ದು 52.5. ಅದಕ್ಕೂ ಮೇಲೆ 112 ಸಿಸಿಗೆ ಹೋಗಬೇಕಾದಾಗ ಬೋರನ್ನು ಮುಟ್ಟದೆ ಸ್ಟ್ರೋಕನ್ನೇ ಉದ್ದ ಮಾಡಿತು.

ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತದ್ವಿರುದ್ಧ. 58ರ ಪಿಸ್ಟನ್ ಕೂರುತ್ತದೆ, ಪೋರ್ಟುಗಳನ್ನು ಅರದಿಂದ ಉಜ್ಜಿ ಎತ್ತರಿಸಲಾಗುತ್ತದೆ, ಎಕ್ಸ್‌ಪಾನ್ಶನ್ ಚೇಂಬರ್ ಸೈಲೆನ್ಸರ್ ಬರುತ್ತದೆ. ಕೆಳಗಿನ ಕ್ರ್ಯಾಂಕು, ಬೇರಿಂಗು, ಆಯಿಲ್ ಸೀಲುಗಳು ಮಾತ್ರ ಮೂವತ್ತು ವರ್ಷ ಹಳೆಯವು. ಅಡಿಪಾಯ ನೋಡದೆ ಮಾಳಿಗೆ ಏರಿಸಿದ ಹಾಗೆ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಮೂರನೇ ಒಂದು ಪಾಲು ಹೆಚ್ಚಿದರೆ, ಒತ್ತಡ ಅಷ್ಟೇ ಇದ್ದರೂ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಬಲ ಅಷ್ಟೇ ಪಾಲು ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಶತ್ರು ಆರ್‌ಪಿಎಂ. ಮೂಲ ಎಂಜಿನ್ 7,500ರಲ್ಲಿ ಗರಿಷ್ಠ ಶಕ್ತಿ ಕೊಡುವಂಥದ್ದು. ಅದನ್ನು 9,500ಕ್ಕೆ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ತಿರುಗುವಾಗಿನ ಜಗ್ಗಾಟ ಶೇ 60ರಷ್ಟು ಏರುತ್ತದೆ. ಭಾರದ ಪಿಸ್ಟನ್ ಹಾಕಿದ್ದರೆ ಇನ್ನೂ ಜಾಸ್ತಿ. ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋದಾಗ ಎಲ್ಲರೂ ಕಿಟ್ಟನ್ನು ಬೈಯುತ್ತಾರೆ. ನಿಜವಾದ ಅಪರಾಧಿ ಕಿಟ್ಟಿನ ಜೊತೆಗೇ ಬಂದ ಆರ್‌ಪಿಎಂ ಹುಚ್ಚು.

ಕರಾವಳಿಯ ನೆಲ ಮತ್ತು ಹವೆ ಈ ಪರೀಕ್ಷೆಯನ್ನು ಇನ್ನಷ್ಟು ಕಠಿಣ ಮಾಡುತ್ತವೆ. ಈ ಬೈಕಿನಂಥ ಟೂ-ಸ್ಟ್ರೋಕಿನಲ್ಲಿ ಒಳಗೆಳೆದ ಗಾಳಿ ಮೊದಲು ಹೋಗುವುದು ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಸಿಲಿಂಡರಿಗೆ. ಹೆಚ್ಚು ಗಾಳಿಯ ಆಸೆಗೆ ಏರ್‌ಬಾಕ್ಸ್ ಕಿತ್ತು ಬರಿಯ ಫಿಲ್ಟರ್ ಸಿಕ್ಕಿಸಿದವನ ಎಂಜಿನ್ನಿನಲ್ಲಿ ಮುರಕಲ್ಲಿನ ಕೆಂಪು ಧೂಳು ಪಿಸ್ಟನ್ನಿಗಿಂತ ಮೊದಲೇ ಬೇರಿಂಗನ್ನು ಮುಟ್ಟುತ್ತದೆ. ಕಾರ್ಕಳದ ಕಡೆಯ ಗುಡ್ಡ ಹತ್ತುವಾಗ ಥ್ರಾಟಲ್ ಪೂರ್ತಿ ತೆರೆದಿರುತ್ತದೆ, ಬೈಕು ನಿಧಾನವಾಗಿರುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಬ್ಲಾಕಿಗೆ ಗಾಳಿ ಸಿಗುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಲೈನರಿಗಿಂತ ಹೆಚ್ಚು ಹಿಗ್ಗುತ್ತದೆ. ಲೇತಿನಲ್ಲಿ ಅವೆರಡರ ನಡುವೆ ಇಟ್ಟ ಅಂತರ ಕೂದಲೆಳೆಯಷ್ಟು ಕಡಿಮೆಯಾಗಿದ್ದರೂ ಅಲ್ಲಿಗೆ ಜಾಮ್. ಸಾಲದ್ದಕ್ಕೆ ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಅದೇ ಜೆಟ್ಟಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಸುಮಾರು ಶೇ 8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣವೆಂದರೆ ಹೆಚ್ಚು ಬಿಸಿ. ಹೊಸ ಬೈಕಿನ ಸೆನ್ಸರ್ ಇದನ್ನು ತಾನೇ ಸರಿದೂಗಿಸುತ್ತದೆ, 1985ರ ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಎಥನಾಲ್ ನೀರನ್ನೂ ಹೀರುತ್ತದೆ. ಕಾಪುವಿನಂಥ ಕಡಲತಡಿಯಲ್ಲಿ ಮಳೆಗಾಲವಿಡೀ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲನ್ನು ಹೊಸ ಬೋರಿಗೆ ಕುಡಿಸುವುದು ಹಣ ಕೊಟ್ಟು ತೊಂದರೆ ತಂದುಕೊಂಡಂತೆ.

‘ನಮ್ಮೂರಿನ ಎಷ್ಟೋ ಆರ್‌ಎಕ್ಸ್‌ಗಳು 58ರ ಪಿಸ್ಟನ್ ಹಾಕಿಕೊಂಡು ವರ್ಷಗಟ್ಟಲೆ ಓಡುತ್ತಿವೆಯಲ್ಲ’ ಎಂಬ ಆಕ್ಷೇಪ ಬರುತ್ತದೆ. ಓಡುತ್ತಿವೆ, ನಿಜ. ಆದರೆ ಕಣ್ಣಿಗೆ ಬೀಳುವುದು ಓಡುತ್ತಿರುವ ಬೈಕುಗಳು ಮಾತ್ರ. ಜಾಮ್ ಆಗಿ ಗೋಣಿ ಹೊದ್ದು ಮೂಲೆ ಸೇರಿದವುಗಳ ಲೆಕ್ಕ ಯಾರಲ್ಲೂ ಇಲ್ಲ. ಪೇಟೆಯೊಳಗೆ ಅರ್ಧ ಥ್ರಾಟಲಿನಲ್ಲಿ ಓಡುವ ಬೈಕಿಗೂ ಮಣ್ಣಿನ ಟ್ರ್ಯಾಕಿನಲ್ಲಿ ಹತ್ತು ನಿಮಿಷ ಪೂರ್ತಿ ಥ್ರಾಟಲಿನಲ್ಲಿ ದುಡಿಯುವ ಬೈಕಿಗೂ ಹೋಲಿಕೆಯೇ ಇಲ್ಲ. ‘ರೇಸಿನ ಎಂಜಿನ್ ಒಡೆಯುವುದು ಸಹಜ’ ಎಂಬುದು ಎರಡನೇ ಆಕ್ಷೇಪ. ಈ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಮೋಟೋಕ್ರಾಸ್ ಬೈಕುಗಳ ಕೈಪಿಡಿಗಳು ಪಿಸ್ಟನ್, ರಿಂಗ್ ಬದಲಿಸುವ ಅವಧಿಯನ್ನು ಕಿಲೋಮೀಟರಿನಲ್ಲಲ್ಲ, ಓಡಿದ ಗಂಟೆಗಳಲ್ಲಿ ಅಥವಾ ರೇಸುಗಳಲ್ಲಿ ಹೇಳುತ್ತವೆ. ಒಡೆಯುವ ಮುಂಚೆ ಬದಲಿಸುವುದೇ ರೇಸಿನ ಶಿಸ್ತು. ಒಡೆದ ಮೇಲೆ ಬದಲಿಸುವುದಕ್ಕೆ ಶಿಸ್ತು ಬೇಕಿಲ್ಲ. ಟ್ರ್ಯಾಕಿಗೆಂದೇ ಮಾಡಿದ ಹೊಸ ಬೈಕಿಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಕಿಟ್ಟೇ ಅಗ್ಗ ಎಂಬ ಮೂರನೇ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕ್ರ್ಯಾಂಕ್ ರಿಪೇರಿ, ಹೊಸ ಸೀಲು, ರೀಡ್ ವಾಲ್ವು, ಜೆಟ್ಟುಗಳನ್ನೂ ಸೇರಿಸಿದ ಮೊತ್ತವೇ ಕಿಟ್ಟಿನ ನಿಜವಾದ ಬೆಲೆ.

ರಸ್ತೆಯ ವಿಷಯ ಬೇರೆ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎಂಜಿನ್ನಿನ ಸಿಸಿ ಆ ಪತ್ರದಲ್ಲಿ ನಮೂದಾಗಿರುವ ವಿವರವೇ. ಆದ್ದರಿಂದ ದೊಡ್ಡ ಬೋರಿನ ಜಾಗ ಬೇಲಿ ಹಾಕಿದ ಟ್ರ್ಯಾಕು, ಮಣಿಪಾಲದ ಹಾಸ್ಟೆಲ್ ಬೀದಿಯಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹಣ ಖರ್ಚಾಗುವ ಕ್ರಮ ತಿರುವುಮುರುವಾಗಬೇಕು. ಮೊದಲು ಕ್ರ್ಯಾಂಕು ಮತ್ತು ಸೀಲು, ಆಮೇಲೆ ಕ್ರ್ಯಾಂಕ್‌ಕೇಸಿಗೆ ಗಾಳಿ ತುಂಬಿ ಸೋರಿಕೆಯ ಪರೀಕ್ಷೆ, ಆಮೇಲೆ ಏರ್ ಫಿಲ್ಟರು, ಬೋರ್ ಕೊನೆಗೆ. ಗ್ಯಾರೇಜಿನವರು ಬಿಲ್ಲಿನ ಜೊತೆ ಒಂದು ಹಾಳೆ ಬರೆದು ಕೊಡಲಿ: ಬೋರ್ ಎಷ್ಟು, ಪಿಸ್ಟನ್ ಅಂತರ ಎಷ್ಟು, ಜೆಟ್ ಯಾವುದು, ಇಗ್ನಿಷನ್ ಟೈಮಿಂಗ್ ಎಷ್ಟು. ಅದರ ಕೆಳಗೆ ಓಡಿದ ಗಂಟೆಗಳನ್ನು ಸವಾರ ಬರೆಯುತ್ತ ಹೋಗಲಿ. ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ನಾಲ್ಕಾರು ಎಂಜಿನ್ನುಗಳ ಉಷ್ಣತೆ, ಕಂಪ್ರೆಶನ್, ಸವೆತವನ್ನು ಅಲ್ಲಿನ ವಿದ್ಯಾರ್ಥಿಗಳು ಒಂದು ಋತು ಅಳೆದು ಕನ್ನಡದಲ್ಲಿ ಪ್ರಕಟಿಸಿದರೆ, ಬಾಯಿಮಾತಿನಲ್ಲಿ ನಡೆಯುವ ಈ ಜಗಳಕ್ಕೆ ಅಂಕಿಅಂಶದ ಆಧಾರ ಸಿಗುತ್ತದೆ. ಅಲ್ಲಿಯವರೆಗೆ ಕಿಟ್ ಕೊಳ್ಳುವವನು ಅಂಗಡಿಯವನನ್ನು ‘ಇದು ಎಷ್ಟು ಸ್ಪೀಡು’ ಎಂದು ಕೇಳುವುದನ್ನು ಬಿಟ್ಟು, ‘ಎಷ್ಟು ಗಂಟೆಗೆ ಇದನ್ನು ಬಿಚ್ಚಬೇಕು’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಬ್ಲಾಕ್ ಬಿಚ್ಚಿಸುವುದೇ ಬೇಡ.