ಅಡ್ಡ ಬಂದವರು ಯಾರು?

ಮಳವಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಿಗ್ಗೆ ನಮ್ಮ ಹುಡುಗಿಯೊಬ್ಬಳು ಅಪ್ಪನ ಟಿವಿಎಸ್ ಹಿಂದೆ ಕುಳಿತು ಹೊರಟಿದ್ದಾಳೆ. ಊರು ದಾಟುವಷ್ಟರಲ್ಲಿ ಬೆಕ್ಕೊಂದು ರಸ್ತೆಯ ಈ ಬದಿಯಿಂದ ಆ ಬದಿಗೆ ಓಡಿತು. ಅಪ್ಪ ಗಾಡಿ ತಿರುಗಿಸಿದ. ಮನೆಗೆ ಬಂದು ಮಗಳನ್ನು ಜಗಲಿಯ ಮೇಲೆ ಕೂರಿಸಿ, ನೀರು ಕುಡಿಸಿ, ಅರ್ಧ ಗಂಟೆ ತಡೆದು ಮತ್ತೆ ಹೊರಟ. ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಪರೀಕ್ಷಾ ಕೇಂದ್ರ ತಲುಪುವ ಹೊತ್ತಿಗೆ ಒಳಗೆ ಬಿಡುವ ಸಮಯ ಮೀರಿತ್ತು. ಗೇಟಿನ ಕಂಬಿ ಹಿಡಿದು ಆ ಮಗು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಪ್ಪ ಮಾತ್ರ ತಲೆಯಾಡಿಸುತ್ತಾ, "ಬೆಕ್ಕು ಅಡ್ಡ ಬಂದಾಗ್ಲೇ ಅಂದ್ಕೊಂಡೆ ಮೇಡಂ, ಇವತ್ತು ಏನೋ ಆಯ್ತದೆ ಅಂತ" ಎಂದ. ಮರುಪರೀಕ್ಷೆಗೆ ಕಟ್ಟಿಸೋಣ ಎಂದು ನಾನು ಅವರ ಮನೆಗೆ ಹೋಗುವಷ್ಟರಲ್ಲಿ ಅವಳ ಮದುವೆ ಗೊತ್ತಾಗಿತ್ತು.

ಈಗ ಹೇಳಿ, ಆ ಹುಡುಗಿಗೆ ಅಡ್ಡ ಬಂದವರು ಯಾರು?

ಬೆಕ್ಕಿನ ಮೇಲೆ ನಮ್ಮ ದೂರು ಇದೊಂದೇ ಅಲ್ಲ. ಅದು ಕಳ್ಳ, ಕಣ್ಣು ಮುಚ್ಚಿ ಹಾಲು ಕುಡಿಯುವ ಠಕ್ಕ, ಎಷ್ಟು ಸಾಕಿದರೂ ನಿಯತ್ತಿಲ್ಲದ ಪ್ರಾಣಿ. ನಿಯತ್ತು! ನಾಯಿಯನ್ನು ಪಳಗಿಸಿ ಬೇಟೆಗೆ ಕರೆದೊಯ್ದೆವು, ಹಸುವನ್ನು ಗೂಟಕ್ಕೆ ಕಟ್ಟಿದೆವು, ಕುದುರೆಯ ಬಾಯಿಗೆ ಕಡಿವಾಣ ಹಾಕಿದೆವು. ಬೆಕ್ಕನ್ನು ಯಾರೂ ಹಾಗೆ ಎಳೆದು ತರಲಿಲ್ಲ. ಮನುಷ್ಯ ಬೆಳೆ ಬೆಳೆದು ಕಾಳು ಕೂಡಿಡಲು ಕಲಿತ. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಬಂದದ್ದು ತನ್ನ ಹೊಟ್ಟೆಪಾಡಿಗೆ, ಉಳಿದದ್ದು ನಮ್ಮ ಕಣಜ. ನಮ್ಮ ಮನೆಬೆಕ್ಕುಗಳ ಪೂರ್ವಜ ಆಫ್ರಿಕಾ, ಪಶ್ಚಿಮ ಏಷ್ಯಾಗಳ ಕಾಡುಬೆಕ್ಕು ಎಂಬುದು ಈಗ ಖಚಿತವಾಗಿದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಪಕ್ಕದಲ್ಲೇ, ಬೇರೆ ಗುಂಡಿ ತೋಡಿ, ಒಂದು ಬೆಕ್ಕನ್ನು ಇಡಿಯಾಗಿ ಹೂತಿದ್ದಾರೆ. ಆ ದ್ವೀಪಕ್ಕೆ ಬೆಕ್ಕು ತಾನಾಗಿ ಈಜಿ ಹೋಗುವಂತಿಲ್ಲ. ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದಾರೆ.

ಈಜಿಪ್ಟಿನವರು ಬೆಕ್ಕನ್ನು ದೇವತೆಯೆಂದು ಪೂಜಿಸಿ, ಸತ್ತರೆ ಮಮ್ಮಿ ಮಾಡಿಟ್ಟರು. 1890ರಲ್ಲಿ ಅಂಥ ಮಮ್ಮಿಗಳನ್ನು ಟನ್ನುಗಟ್ಟಲೆ ಹಡಗಿಗೆ ತುಂಬಿ ಇಂಗ್ಲೆಂಡಿಗೆ ಸಾಗಿಸಿ, ಪುಡಿ ಮಾಡಿ ಹೊಲಕ್ಕೆ ಗೊಬ್ಬರ ಹಾಕಿದರು. ಮನುಷ್ಯನ ನಿಯತ್ತು ಅಂದರೆ ಇದು.

ದೂರದ ಮಾತು ಯಾಕೆ? ನಮ್ಮ ಜಿಲ್ಲೆಯ ಮೇಲುಕೋಟೆಗೆ ನೀವೆಲ್ಲ ವೈರಮುಡಿಗೆ ಹೋಗಿ ಕೈ ಮುಗಿದು ಬಂದವರು. ಶ್ರೀವೈಷ್ಣವರಲ್ಲಿ ತೆಂಗಲೆಯವರು ಭಗವಂತನ ಕೃಪೆಯನ್ನು ವಿವರಿಸಲು ಯಾವ ಹೋಲಿಕೆ ಕೊಡುತ್ತಾರೆ, ಗೊತ್ತೆ? ಮಾರ್ಜಾಲ ಕಿಶೋರ ನ್ಯಾಯ. ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಹಾಗೆ ದೇವರು ಭಕ್ತನನ್ನು ಒಯ್ಯುತ್ತಾನೆ, ಮರಿ ಸುಮ್ಮನೆ ಜೋತುಬಿದ್ದರೆ ಸಾಕು. ದೇವರನ್ನೇ ತಾಯಿಬೆಕ್ಕಿಗೆ ಹೋಲಿಸಿದ ಪರಂಪರೆಯ ಊರಿಗೆ ಹೊರಟವರು ದಾರಿಯಲ್ಲಿ ಬೆಕ್ಕು ಕಂಡರೆ ಕಾರು ನಿಲ್ಲಿಸಿ ಉಗಿಯುತ್ತಾರೆ.

ಮದ್ದೂರು ತಾಲ್ಲೂಕಿನಲ್ಲಿ ಬೆಕ್ಕಳಲೆ ಎಂಬ ಊರಿದೆ. ಅಲ್ಲಿ ಬೆಕ್ಕೆಂದರೆ ಮಂಗಮ್ಮ. ಹಿಂದೆ ದೇವಿ ಬೆಕ್ಕಿನ ರೂಪದಲ್ಲಿ ಊರಿಗೆ ಬಂದು ಕಾಪಾಡಿ ಮರೆಯಾದಳು, ಆ ಜಾಗದಲ್ಲಿ ಹುತ್ತ ಬೆಳೆಯಿತು ಎಂದು ಊರಿನವರು ಹೇಳುತ್ತಾರೆ. ಗುಡಿ ಕಟ್ಟಿ ಪೂಜೆ ಮಾಡುತ್ತಾರೆ, ಬೆಕ್ಕಿಗೆ ಯಾರೂ ಕೈ ಎತ್ತುವಂತಿಲ್ಲ, ಸತ್ತ ಬೆಕ್ಕು ಕಂಡರೆ ಮಣ್ಣು ಮಾಡುತ್ತಾರೆ. ಅದೂ ನಂಬಿಕೆಯೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ತಾಲ್ಲೂಕು, ಅದೇ ರಾಗಿ, ಅದೇ ಬೆಕ್ಕು. ಬೆಕ್ಕಳಲೆಯಲ್ಲಿ ಶುಭವಾದದ್ದು ಮದ್ದೂರು ಪೇಟೆಗೆ ಬರುವಷ್ಟರಲ್ಲಿ ಅಶುಭ ಹೇಗಾಯಿತು? ದೋಷ ಬೆಕ್ಕಿನಲ್ಲೇ ಇದ್ದಿದ್ದರೆ ಎರಡು ಕಡೆಯೂ ಇರಬೇಕಿತ್ತಲ್ಲ!

ನನಗಂತೂ ಈ ಶಕುನದ ಪಟ್ಟಿಯ ಮೇಲೇ ಸಿಟ್ಟು. ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿ: ಬೆಕ್ಕು, ಖಾಲಿ ಕೊಡ, ಸೌದೆ ಹೊರೆ, ಗಂಡ ಸತ್ತವಳು. ಖಾಲಿ ಕೊಡ ಹಿಡಿದು ಎದುರಿಗೆ ಬರುವವರು ಯಾರು? ಸೌದೆ ಹೊತ್ತು ಬರುವವರು ಯಾರು? ಗಂಡಸು ಎದುರಾದರೆ ಕೆಟ್ಟದ್ದೆಂದು ಈ ಪಟ್ಟಿಯಲ್ಲಿದೆಯೆ? ಮನೆಯ ನೀರು, ಬೆಂಕಿ, ಕಾಳು ಇವನ್ನು ನೋಡಿಕೊಳ್ಳುವವರನ್ನೇ ಆರಿಸಿ ಆರಿಸಿ ಬರೆದಿದ್ದಾರೆ. ನಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ರಾಗಿಯ ವಾಡೆಗಳ ಸಂದಿಯಲ್ಲಿ ರಾತ್ರಿಯಿಡೀ ಕಾವಲಿದ್ದ ಬೆಕ್ಕು, ಬೆಳಿಗ್ಗೆ ಬಾಗಿಲು ದಾಟಿದರೆ ಅನಿಷ್ಟ!

ನನ್ನವರು ತೀರಿಕೊಂಡ ಮರುವರ್ಷ ಅಣ್ಣನ ಮಗನ ಮದುವೆ. ದಿಬ್ಬಣ ಹೊರಡುವಾಗ ಹಿರಿಯರೊಬ್ಬರು ಹತ್ತಿರ ಬಂದು, "ನೀನು ಸ್ವಲ್ಪ ಹೊತ್ತು ಒಳಗಿರವ್ವ" ಎಂದು ಮೆಲ್ಲಗೆ ಹೇಳಿದರು. ಬಿ.ಎ., ಬಿ.ಎಡ್. ಮಾಡಿ, ಅಷ್ಟು ಹೊತ್ತಿಗೆ ಸಾವಿರಾರು ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಮ್ಮನೆ ಒಳಗೆ ಹೋದೆ. ಅದಕ್ಕೆ ಈಗಲೂ ನನ್ನನ್ನು ನಾನು ಬಯ್ದುಕೊಳ್ಳುತ್ತೇನೆ. ಅಡುಗೆಮನೆಯ ಮೂಲೆಯಲ್ಲಿ ಅವರ ಮನೆಯ ಬೆಕ್ಕು ಮಲಗಿತ್ತು. ವಾಲಗದ ಸದ್ದು ದೂರವಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.

ಈಗ ಮಂಡ್ಯದ ನನ್ನ ಮನೆಯಲ್ಲಿ ಒಂದು ಬೆಕ್ಕಿದೆ, ಹೋದ ತಿಂಗಳು ನಾಲ್ಕು ಮರಿ ಹಾಕಿತು. ಎದುರುಮನೆಯಾಕೆ, ಅದು ರಸ್ತೆ ದಾಟಿದರೆ ಸ್ಕೂಟಿ ಒಳಗಿಟ್ಟು ಐದು ನಿಮಿಷ ಕೂತು ಹೊರಡುವವರು, ಮೊನ್ನೆ ಸಂಜೆ ಬಂದರು. "ಟೀಚರ್, ಅಕ್ಕಿ ಮೂಟೆನೆಲ್ಲಾ ಇಲಿ ತೂತು ಮಾಡ್ಬುಟ್ಟವೆ. ಒಂದು ಮರಿ ಕೊಡಿ. ಕರೀದು ಮಾತ್ರ ಬ್ಯಾಡ."

ಉಳಿದ ಮೂರನ್ನು ಆಗಲೇ ಬೇರೆಯವರು ಕೇಳಿಟ್ಟಿದ್ದರು. ಕರೀದೊಂದೇ ಇರುವುದು, ಬೇಕಾದರೆ ತೆಗೆದುಕೊಂಡು ಹೋಗಿ ಎಂದೆ. ಸ್ವಲ್ಪ ಹೊತ್ತು ನಿಂತರು. ಆಮೇಲೆ ಸೆರಗಿನಲ್ಲಿ ಮುಚ್ಚಿಕೊಂಡು ತೆಗೆದುಕೊಂಡು ಹೋದರು.