ದ್ರಾಕ್ಷಿ ತುಳಿಯೋರಿಗೆ ಟಿಕೆಟ್, ಬೆಳೆದೋರಿಗೆ ಏನು?

ಫೆಬ್ರುವರಿ ಬಂತೆಂದರೆ ಬೆಂಗಳೂರಿನವರು ನಂದಿ ಬೆಟ್ಟದ ಕಡೆ 'ವೈನ್ ಟೂರ್' ಪ್ಲಾನ್ ಹಾಕ್ತಾರೆ. ಇನ್ನೂ ದೂರ ಹೋಗುವವರು ನಾಸಿಕ್‌ಗೆ ಹೊರಡ್ತಾರೆ. ದುಡ್ಡು ಕೊಟ್ಟು ತೊಟ್ಟಿಗಿಳಿದು ದ್ರಾಕ್ಷಿ ತುಳೀತಾರೆ, ಫೋಟೊ ತೆಗೆಸಿಕೊಳ್ತಾರೆ. ಕಾರ್ಖಾನೆಯಲ್ಲಿ ದ್ರಾಕ್ಷಿ ಹಿಂಡೋದು ಯಂತ್ರ; ಈ ತುಳಿತ ಬರೀ ಮೋಜಿಗೆ.

ಮೋಜು ಮಾಡಲಿ ಬಿಡಿ. ನನ್ನ ತಕರಾರು ನಮ್ಮ ಮೇಲೇ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದಲ್ಲಿ ಬೆಳೆಯೋ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಆ ಕಾರುಗಳು ನಮ್ಮ ತೋಟದ ಮುಂದೆಯೇ ಹೋಗ್ತವೆ. ನಿಲ್ಲಿ ಅನ್ನೋಕೆ ಒಂದು ಬೋರ್ಡಾದರೂ ಹಾಕಿದ್ದೀವಾ? ವ್ಯಾಪಾರಿ ಹೇಳಿದ ರೇಟಿಗೆ ತಲೆಯಾಡಿಸ್ತೀವಿ. ಆಲಿಕಲ್ಲು ಬಿದ್ದರೆ ಅದೂ ಇಲ್ಲ.

ವೈನ್ ಮಾಡೋಕೆ ಲೈಸೆನ್ಸ್ ಬೇಕು, ನಿಜ. ಆದರೆ ತೋಟ ಸುತ್ತಿಸಿ, ಅವರ ಕೈಯಲ್ಲೇ ಗೊಂಚಲು ಕೊಯ್ಯಿಸಿ, ತೂಗಿ ಕೊಡೋಕೆ ಬೇಕಿರೋದು ನಾಲ್ಕು ಜನ ರೈತರ ಒಗ್ಗಟ್ಟು. ಔಷಧಿ ಹೊಡೆದ ತೋಟಕ್ಕೆ ಮಾತ್ರ ಯಾರನ್ನೂ ಬಿಡಬೇಡಿ. ರೇಟು ನೀವೇ ಬರೆದು ಹಾಕಿ. ಪೂರ್ತಿ ಬೆಳೆ ಹಾಗೆ ಖರ್ಚಾಗಲ್ಲ. ಹತ್ತು ಬಾಕ್ಸ್ ಆದರೂ ನೀವು ಹೇಳಿದ ಬೆಲೆಗೆ ಹೋಗುತ್ತೆ.

ಕೊಯ್ಲಿಗೆ ಸಿಟಿಯವರು ತಿಂಗಳ ಮೊದಲೇ ಪ್ಲಾನ್ ಮಾಡ್ತಾರೆ. ಬೆಳೆದ ನಾವು ಯಾವಾಗ ಮಾಡೋದು?